ರೊಟ್ಟಿ ಕಟ್ಟಬೇಕಿಲ್ಲದ ಊರು

ಹ್ಯೂಸ್ಟನ್ ಬೇಕೋ ಶಿಕಾಗೋ ಬೇಕೋ ಎಂದು ಏಜೆನ್ಸಿಯ ಹೆಂಗಸು ವೀಡಿಯೋ ಕಾಲಿನಲ್ಲಿ ಕೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಅಬುಧಾಬಿಯ ಖಾಲಿದಿಯಾ ಬಡಾವಣೆಯ ನಮ್ಮ ಫ್ಲಾಟಿಗೆ ಬಂದು ಆಗಷ್ಟೇ ಕಾಲು ಚಾಚಿ ಕೂತಿದ್ದೆ. ಅಮೆರಿಕಾಕ್ಕೆ ನರ್ಸುಗಳನ್ನು ಕಳಿಸುವ ಏಜೆನ್ಸಿ ಅದು. ನರ್ಸಿಂಗ್ ಪರೀಕ್ಷೆ ಬರೆಯಿರಿ ಎಂದರು, ಬರೆದೆ. ಇಂಗ್ಲಿಷ್ ಪರೀಕ್ಷೆಯೂ ಬೇಕು ಎಂದರು, ಇಪ್ಪತ್ತು ವರ್ಷ ಇಂಗ್ಲಿಷಿನಲ್ಲೇ ರೋಗಿಗಳ ಜೊತೆ ಒದ್ದಾಡಿದವಳು ಅದನ್ನೂ ಬರೆದೆ. ಈಗ ಎರಡು ಊರಿನ ಎರಡು ಆಸ್ಪತ್ರೆಗಳು ನನ್ನನ್ನು ಒಪ್ಪಿವೆ, ನಾನು ಒಂದನ್ನು ಆರಿಸಿಕೊಳ್ಳಬೇಕು ಎಂದಳು. "ಎರಡೂ ದೊಡ್ಡ ಊರು, ಎರಡೂ ಚೆನ್ನಾಗಿವೆ, ಆರಾಮಾಗಿ ಯೋಚಿಸಿ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಆರಿಸಿಕೊಳ್ಳುವುದು ನಮಗೆ ರೂಢಿಯೇ ಇಲ್ಲ. ಅಬುಧಾಬಿಯನ್ನು ನಾನು ಆರಿಸಿಕೊಂಡು ಬರಲಿಲ್ಲ. ವೀಸಾ ಇಲ್ಲಿಂದ ಬಂತು, ಬಂದೆ. ಮಸ್ಕತ್‌ನಿಂದ ಬಂದಿದ್ದರೆ ಮಸ್ಕತ್‌ಗೆ ಹೋಗುತ್ತಿದ್ದೆ. ಈ ಫ್ಲಾಟು ಆಸ್ಪತ್ರೆಯ ಬಸ್ಸು ನಿಲ್ಲುವ ಜಾಗಕ್ಕೆ ಹತ್ತಿರವೆಂದು ಹಿಡಿದದ್ದು. ಕೂತಿದ್ದ ಸೋಫಾ ಕೂಡ ದೇಶ ಬಿಟ್ಟು ಹೊರಟ ಒಂದು ಸುಡಾನಿ ಕುಟುಂಬದ್ದು. ಅದರ ಬದನೆಕಾಯಿ ಬಣ್ಣ ಅವರ ಆಯ್ಕೆ, ನಮ್ಮದಲ್ಲ. ಇಂಥವಳಿಗೆ ಒಂದು ಇಡೀ ಊರನ್ನು ಆರಿಸು ಎಂದರೆ ಹೇಗೆ?

ನನ್ನ ಗಂಡನ ಕೆಲಸ ಮದೀನತ್ ಜಾಯೆದ್ ಎಂಬ ಊರಿನ ಆಚೆ, ಮರಳುಗಾಡಿನ ಒಂದು ಗ್ಯಾಸ್ ಪ್ಲಾಂಟಿನಲ್ಲಿ. ಮೀಟರು, ಗೇಜು, ವಾಲ್ವುಗಳ ರಿಪೇರಿ. ವಾಸ ಕಂಪನಿಯ ಕ್ಯಾಂಪಿನಲ್ಲೇ. ಶುಕ್ರವಾರ ಸಂಜೆ ಮನೆಗೆ ಬರುತ್ತಾರೆ, ಭಾನುವಾರ ಸಂಜೆ ಹೋಗುತ್ತಾರೆ. ಮದುವೆಯಾದಾಗಿನಿಂದ ಹೀಗೇ. ಈ ದೇಶದಲ್ಲಿ ವಾರದ ರಜೆ ಬದಲಾಗುವ ಮೊದಲು ಗುರುವಾರ ಬರುತ್ತಿದ್ದರು. ಮಗಳು ಹುಟ್ಟಿದ್ದು ಒಂದು ಮಂಗಳವಾರ, ಅವರು ಅವಳನ್ನು ನೋಡಿದ್ದು ಗುರುವಾರ. ಅವಳಿಗೀಗ ಹದಿಮೂರು ವರ್ಷ.

ಅಮೆರಿಕಾ ನನಗೆ ಬೇಕಾಗಿದ್ದು ಒಂದೇ ಕಾರಣಕ್ಕೆ. ಅಲ್ಲಿಗೆ ಹೋದರೆ ಮೂವರೂ ಒಂದೇ ಸೂರಿನಡಿ ಇರಬಹುದು, ಸೋಮವಾರವೂ ಬುಧವಾರವೂ ಇರಬಹುದು ಎಂದುಕೊಂಡಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ. ನಲವತ್ತು ದಾಟಿದ ಹೆಂಗಸು ಗಂಡ ಮನೆಯಲ್ಲಿರಲಿ ಎಂದು ಬಾಯಿಬಿಟ್ಟು ಹೇಳಿದರೆ ನಮ್ಮ ಬಾಗಲಕೋಟೆ ಕಡೆ ನಗೆಪಾಟಲು. ಮಗಳ ಓದು, ಒಳ್ಳೆಯ ಆಸ್ಪತ್ರೆ ಎಂದೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಅವೂ ಸುಳ್ಳಲ್ಲ.

ಆಸ್ಪತ್ರೆಯಲ್ಲಿ ನನ್ನ ಜೊತೆಯವಳೊಬ್ಬಳು ಮಂಗಳೂರಿನ ಕ್ರಿಶ್ಚಿಯನ್ ಹೆಂಗಸು. ನನಗಿಂತ ಮೊದಲು ಈ ದೇಶಕ್ಕೆ ಬಂದವಳು, ನಾನು ಕೇಳದಿದ್ದರೂ ಸಲಹೆ ಕೊಡುವವಳು. ಎರಡು ಊರಿನ ವಿಷಯ ಅವಳಿಗೆ ಹೇಳಿದ್ದೇ ತಪ್ಪಾಯಿತು.

"ನಿಂಗೆ ಮಂಡೆ ಸಮ ಉಂಟಾ? ಶಿಕಾಗೋದಲ್ಲಿ ಎಂಥ ಉಂಟು ಮಾರಾಯ್ತಿ, ಐಸ್ ಮಾತ್ರ" ಎಂದಳು. "ಹ್ಯೂಸ್ಟನ್‌ಗೆ ಹೋಗು. ನಮ್ಮ ಜನ ಎಷ್ಟು ಬೇಕಾದ್ರೂ ಇದ್ದಾರೆ. ಚರ್ಚಲ್ಲಿ ಕೊಂಕಣಿ ಪೂಜೆ ಸಹ ಆಗ್ತದಂತೆ."

"ಕೊಂಕಣಿ ಪೂಜೆಯಿಂದ ನನಗೇನ್ ಆಗಬೇಕಾಗೈತಿ?" ಎಂದೆ.

"ನಿಂಗೆ ಆಗುದು ಬೇಡ, ನಾನು ಬಂದಾಗ ನಂಗೆ ಬೇಕಲ್ಲ" ಎಂದಳು. ಅವಳು ಬರುವುದು ಆಗಲೇ ನಿಶ್ಚಯವಾಗಿ ಹೋಗಿತ್ತು. ಆ ವಾರವೆಲ್ಲ ಲಿಫ್ಟಿನಲ್ಲಿ ಸಿಕ್ಕವರು, ಬಸ್ಸಿನಲ್ಲಿ ಸಿಕ್ಕವರು, ಎಲ್ಲರೂ ಹ್ಯೂಸ್ಟನ್ ಎಂದರು. ನಿಮಗೆ ಬಿಸಿಲು ಹೊಸದೇ ಎಂದು ಕೇಳಿದರು. ಬಿಸಿಲು ಹೊಸದಲ್ಲ ಎಂಬ ಕಾರಣಕ್ಕೇ ಬಿಸಿಲು ಸಾಕಾಗಿರಬಹುದು ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಶುಕ್ರವಾರ ನನ್ನ ಗಂಡ ಬಂದವರು ಕೈಕಾಲು ತೊಳೆದು, ಊಟಕ್ಕೆ ಕೂತು, ಫೋನನ್ನು ನೀರಿನ ಲೋಟಕ್ಕೆ ಒರಗಿಸಿ ಹ್ಯೂಸ್ಟನ್ನಿನ ಮನೆಗಳನ್ನು ತೋರಿಸತೊಡಗಿದರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರಂತೆ. ಎರಡು ಮಹಡಿ, ಹಿಂದೆ ಹುಲ್ಲು, ಮುಂದೆ ಎರಡು ಕಾರು ನಿಲ್ಲುವಷ್ಟು ಜಾಗ. ವಾರವಿಡೀ ಕ್ಯಾಂಪಿನ ಕೋಣೆಯಲ್ಲಿ ಮಲಗಿ ಇದನ್ನೇ ನೋಡಿದ್ದಾರೆ ಎಂದು ಗೊತ್ತಾಗುತ್ತಿತ್ತು.

"ಶಿಕಾಗೋದಾಗ ನನ್ನ ಆಸ್ಪತ್ರಿಗಿ ರೈಲ್ ಐತಿ" ಎಂದೆ. "ಕಾರ್ ಬೇಕಾಗಿಲ್ಲ. ದೊಡ್ಡ ಕೆರಿ ಐತಿ, ಸಮುದ್ರ ಇದ್ದಂಗ ಕಾಣತೈತಂತ."

"ಕೆರಿ ನೋಡ್ಕೋತ ಕುಂತ್ರ ಹೊಟ್ಟಿ ತುಂಬತೈತೇನು?" ಎಂದರು. ಅಮೆರಿಕಾಕ್ಕೆ ಹೋಗುವ ಮೊದಲೇ ಅಲ್ಲಿನ ಕೆರೆಯ ವಿಷಯಕ್ಕೆ ನಾವು ಜಗಳಕ್ಕೆ ನಿಂತಿದ್ದೆವು. ಮಗಳು ಅನ್ನಕ್ಕೆ ಮೊಸರು ಕಲಸುತ್ತ ಇಬ್ಬರ ಮುಖವನ್ನೂ ನೋಡಿದಳು.

ಆಗ ಅವರು ತಮ್ಮ ದೊಡ್ಡ ಅಸ್ತ್ರ ತೆಗೆದರು. "ಅಲ್ಲಿ ಅಂಗಡಿಯಾಗ ಜೋಳದ ಹಿಟ್ಟು ಸಿಗತೈತಿ, ನಾ ಕೇಳೀನಿ. ಕಡಕ್ ರೊಟ್ಟಿ ಚಿಂತಿ ಇಲ್ಲ."

ನಮ್ಮ ಕಡೆಯವರಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಆಮೇಲೆ ಸಣ್ಣ ಉರಿಯಲ್ಲಿ ಹಪ್ಪಳದಂತೆ ಗರಿಗರಿಯಾಗಿಸಿದರೆ ಅದು ಕಡಕ್ ರೊಟ್ಟಿ. ತಿಂಗಳಾದರೂ ಕೆಡುವುದಿಲ್ಲ. ಮನೆಯಲ್ಲಿ ಇರುವವರಿಗೆ ಬಿಸಿ ಮೆತ್ತನೆಯ ರೊಟ್ಟಿ. ಊರು ಬಿಟ್ಟು ದೂರ ಹೋಗುವವರಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಮನೆಯಲ್ಲಿದ್ದೂ ಕಡಕ್ ತಿನ್ನುವವರು ಬೇಕಾದಷ್ಟು ಜನರಿದ್ದಾರೆ, ಆದರೆ ನಮ್ಮ ಮನೆಯಲ್ಲಿ ಅದನ್ನು ಮಾಡುವುದು ಒಬ್ಬರಿಗಾಗಿ ಮಾತ್ರ. ಪ್ರತಿ ಶನಿವಾರ, ಕಿಟಕಿಯಿಲ್ಲದ ಅಡುಗೆಮನೆಯಲ್ಲಿ, ಬೆವರು ಒರೆಸಿಕೊಳ್ಳುತ್ತ ಅವರ ಕ್ಯಾಂಪಿನ ವಾರಕ್ಕೆ ರೊಟ್ಟಿ ಮಾಡುತ್ತೇನೆ. ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಭಾನುವಾರ ಕಾರಿನಲ್ಲಿಡುತ್ತೇನೆ.

"ಕಡಕ್ ರೊಟ್ಟಿ ಯಾರಿಗ್ರಿ, ಅಲ್ಲಿ?" ಎಂದೆ.

ಅವರು ತುತ್ತು ಕೈಯಲ್ಲೇ ಹಿಡಿದು ಕೂತರು. ಹೇಳಬಾರದ್ದನ್ನು ಹೇಳಿದೆ ಎಂದು ಅವರಿಗೂ ಗೊತ್ತಾಯಿತು. ಆಮೇಲೆ ನಿಧಾನವಾಗಿ ಬಾಯಿಬಿಟ್ಟರು. ಪ್ಲಾಂಟಿನಲ್ಲಿ ಮೊದಲು ಇದ್ದ ಗೆಳೆಯನೊಬ್ಬ ಈಗ ಹ್ಯೂಸ್ಟನ್‌ನಲ್ಲಿದ್ದಾನೆ, ಕೆಲಸ ಕೊಡಿಸುತ್ತೇನೆ ಎಂದಿದ್ದಾನೆ. ಕೆಲಸದ ಜಾಗ ಊರಿನಿಂದ ತುಂಬ ದೂರದ ಗ್ಯಾಸ್ ಸೈಟು. ಮೂರು ವಾರ ಅಲ್ಲಿ, ಎರಡು ವಾರ ಮನೆಯಲ್ಲಿ.

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಎಂದಿತಂತೆ. ಏಳು ಸಮುದ್ರ ದಾಟಿದರೂ ನನಗೆ ಅದೇ ಹಂಚು, ಅದೇ ಡಬ್ಬಿ. ಅಳು ಬಂತು, ಮಗಳೆದುರು ಅಳುವುದು ಬೇಡವೆಂದು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ಹಿಂದಿನಿಂದ ಅವಳ ದನಿ ಕೇಳಿಸಿತು.

"ಓಕೆ, ಸೋ ದೇರ್ ಆಲ್ಸೋ ಪಪ್ಪಾ ವಿಲ್ ಕಮ್ ಅಂಡ್ ಗೋ."

ಅಲ್ಲಿಯೂ ಪಪ್ಪಾ ಬಂದು ಹೋಗುವವರೇ. ಅವಳ ದನಿಯಲ್ಲಿ ಬೇಸರ ಇರಲಿಲ್ಲ, ದೂರು ಇರಲಿಲ್ಲ. ಶಾಲೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ತಿಳಿದುಕೊಳ್ಳುವ ಹಾಗೆ ತಿಳಿದುಕೊಂಡಳು. ಆ ರಾತ್ರಿ ನಾವ್ಯಾರೂ ಮತ್ತೆ ಊರಿನ ಮಾತೆತ್ತಲಿಲ್ಲ.

ಮರುದಿನ ಸಂಜೆ ಮಗಳನ್ನು ಹಮ್ದಾನ್ ಸ್ಟ್ರೀಟಿನ ಗಣಿತದ ಟ್ಯೂಷನ್ನಿಗೆ ಇಳಿಸಿ, ಪಾರ್ಕಿಂಗ್ ಹುಡುಕುತ್ತ ಅಂಗಡಿಗಳ ಹಿಂದಿನ ಓಣಿಗಳಲ್ಲಿ ಸುತ್ತು ಹಾಕುತ್ತಿದ್ದೆವು. ಶನಿವಾರ ಅಲ್ಲಿ ಜಾಗ ಸಿಗುವುದು ಪುಣ್ಯವಂತರಿಗೆ. ನಾವಿಬ್ಬರೇ ಇದ್ದೆವು. ಮೂರನೆಯ ಸುತ್ತಿಗೋ ನಾಲ್ಕನೆಯ ಸುತ್ತಿಗೋ ನನಗೆ ಸಾಕಾಗಿ ಹೋಯಿತು, ಪಾರ್ಕಿಂಗೂ ಸಾಕು, ಮುಚ್ಚಿಟ್ಟುಕೊಂಡದ್ದೂ ಸಾಕು ಅನ್ನಿಸಿತು.

"ಹ್ಯೂಸ್ಟನ್ ಬ್ಯಾಡ್ರಿ" ಎಂದೆ.

"ಯಾಕ, ಬಿಸಿಲಿಗಿ ಅಂಜತಿ ಏನು?"

"ಬಿಸಿಲಿಗಲ್ಲ. ನೀವು ಮತ್ತ ಸೈಟಿಗಿ ಹೋಗ್ತೀರಿ ಅಂತ."

ಮುಂದೆ ಒಂದು ಕಾರು ಹಿಂದಕ್ಕೆ ಬರುವ ಹಾಗೆ ಕಂಡಿತು. ಇವರು ನಿಲ್ಲಿಸಿ ಕಾದರು. ಅದು ಹೋಗಲಿಲ್ಲ, ಒಳಗಿದ್ದವನು ಸುಮ್ಮನೆ ಫೋನು ನೋಡುತ್ತಿದ್ದ. "ನನ್ನ ಕೆಲಸ ಇರೂದು ಆ ಕಡೆ" ಎಂದರು. "ಶಿಕಾಗೋದಾಗ ನನಗ ಯಾರು ಕೆಲಸ ಕೊಡ್ತಾರ?"

"ಏನಾರ ಸಿಗತೈತ್ರಿ."

"ಸಿಗೂ ತನಾ?"

"ಸಿಗೂ ತನಾ ಮನ್ಯಾಗ ಇರ್ರಿ."

ಅವರು ನಕ್ಕರು. ಅದು ನಗುವಿನ ಹಾಗಿರಲಿಲ್ಲ. ಆಮೇಲೆ ಅವರು ಆಡಿದ ಮಾತನ್ನು ಮದುವೆಯಾದ ಇಷ್ಟು ವರ್ಷಗಳಲ್ಲಿ ಅವರ ಬಾಯಿಂದ ನಾನು ಕೇಳಿರಲಿಲ್ಲ.

"ಮನ್ಯಾಗ ಇದ್ದು ನಾ ಏನ್ ಮಾಡ್ಲಿ? ಎರಡು ದಿನಕ್ಕ ನಾ ಚೊಲೋ ಮನಶ್ಯಾ. ಮೂರನೇ ದಿನದಿಂದ ನಿಮಗ ಅಡ್ಡ ಆಗ್ತೀನಿ. ಹೋದ ವರ್ಷ ರಜಾದಾಗ ನೋಡೀನಲ್ಲ. ನಾ ಬಂದ ಕೂಡ್ಲೆ ನೀವಿಬ್ಬರೂ ಮಾತು ಸಣ್ಣ ಮಾಡ್ತಿದ್ರಿ. ಯಾವ ಕುರ್ಚಿ ಮ್ಯಾಲ ಕುಂತ್ರೂ ಅದು ನಿಮ್ಮಿಬ್ಬರಾಗ ಯಾರದರ ಇರ್ತಿತ್ತು."

ಹಿಂದಿನ ವರ್ಷ ಪ್ಲಾಂಟು ಮುಚ್ಚಿ ರಿಪೇರಿ ನಡೆದ ಮೇಲೆ ಅವರಿಗೆ ಒಂದು ತಿಂಗಳು ರಜೆ ಸಿಕ್ಕಿತ್ತು. ಊರಿಗೆ ಹೋಗದೆ ಇಲ್ಲೇ ಇದ್ದರು. ಬೆಳಿಗ್ಗೆ ನಮ್ಮಿಬ್ಬರ ಗಡಿಬಿಡಿಯ ನಡುವೆ ಬಾತ್‌ರೂಮಿನ ಹೊರಗೆ ಟವೆಲ್ ಹಿಡಿದು, ಯಾರದೋ ಮನೆಗೆ ಬಂದವರಂತೆ ನಿಂತಿರುತ್ತಿದ್ದರು. ಹಲ್ಲುಜ್ಜುವ ಬ್ರಷ್ಷನ್ನು ಬ್ಯಾಗಿನಿಂದ ತೆಗೆದು, ತೊಳೆದು, ಮತ್ತೆ ಬ್ಯಾಗಿಗೇ ಇಡುತ್ತಿದ್ದರು. ನಮ್ಮ ಬ್ರಷ್ಷುಗಳ ಲೋಟದಲ್ಲಿ ಇನ್ನೊಂದಕ್ಕೆ ಜಾಗವಿತ್ತು. ಇಡಿ ಎಂದು ನಾನು ಹೇಳಲಿಲ್ಲ, ಇಡಲೇ ಎಂದು ಅವರು ಕೇಳಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಮತ್ತು ಮಗಳು ನಮ್ಮದೇ ಒಂದು ಸಂಸಾರ ಕಟ್ಟಿಕೊಂಡಿದ್ದೆವು, ಅದು ಅವರಿಲ್ಲದೆ ಚೆನ್ನಾಗಿಯೇ ನಡೆಯುತ್ತಿತ್ತು. ಹ್ಯೂಸ್ಟನ್ನಿನ ಬಿಸಿಲು, ಹುಲ್ಲು, ಎರಡು ಮಹಡಿ ಎಲ್ಲದರ ಹಿಂದೆ ಇಷ್ಟು ದಿನ ಇದ್ದದ್ದು ಈ ಹೆದರಿಕೆ ಎಂದು ಆಗ ತಿಳಿಯಿತು. ಪಾಪ ಅನ್ನಿಸಿತು, ಅದರ ಜೊತೆಗೇ ಮೈ ಉರಿಯುವಷ್ಟು ಸಿಟ್ಟೂ ಬಂತು.

"ಬ್ಯಾಸರ ಬರ್ತೈತಿ, ಬರಲಿ" ಎಂದೆ. "ನಿಮ್ಮನ್ನ ಕಂಡು ನನಗ ಬ್ಯಾಸರ ಬರೂವಷ್ಟು ದಿನಾ ಒಮ್ಮ್ಯಾರ ಮನ್ಯಾಗ ಇರ್ರಿ. ಇಷ್ಟು ವರ್ಷದಾಗ ಅಷ್ಟು ದಿನಾ ನೀವು ಇದ್ದೇ ಇಲ್ಲ."

ಹಿಂದಿನ ಕಾರಿನವನು ಹಾರನ್ ಹೊಡೆದ. ಇವರು ಕಾರು ಮುಂದಕ್ಕೆ ತೆಗೆದರು. ಇನ್ನೆರಡು ಸುತ್ತು ಹಾಕಿದೆವು, ಜಾಗ ಸಿಗಲಿಲ್ಲ, ಟ್ಯೂಷನ್ ಬಿಡುವ ಹೊತ್ತೂ ಆಯಿತು. ಮಗಳು ಕಾರು ಹತ್ತುವ ಮೊದಲು ಅವರು ಹೇಳಿದ್ದು ಇಷ್ಟೇ: "ಅಲ್ಲಿ ಥಂಡಿ ಭಾಳ ಅಂತ. ಮನಿ ಬಿಟ್ಟು ಹೊರಗ ಹೋಗಾಕ ಬರೂದಿಲ್ಲಂತ." ಹೌದಂತೆ ಎಂದೆ. ಒಪ್ಪಿದರೋ ದೂರಿದರೋ ಕೇಳಲು ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ. ಸೋಮವಾರ ಏಜೆನ್ಸಿಗೆ ಶಿಕಾಗೋ ಎಂದು ಬರೆದು ಕಳಿಸಿದೆ. ಮಂಗಳೂರಿನವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಇದೆಲ್ಲ ಆಗಿ ವರ್ಷದ ಮೇಲಾಯಿತು. ವೀಸಾ ಇನ್ನೂ ಬಂದಿಲ್ಲ. ಸರತಿ ಮುಂದೆ ಹೋಗಿದೆ, ಸರತಿ ಹಿಂದೆ ಬಂದಿದೆ ಎಂದು ಏಜೆನ್ಸಿಯವರು ತಿಂಗಳಿಗೊಮ್ಮೆ ಹೇಳುತ್ತಾರೆ. ಕೇಳಿ ಕೇಳಿ ನನಗೆ ಅದರ ಅರ್ಥ ತಿಳಿದುಕೊಳ್ಳುವ ಆಸೆಯೂ ಹೋಗಿದೆ. ಮಗಳು ಕ್ಲಾಸಿನವರಿಗೆ ಹೇಳಿಕೊಂಡು ಸಾಕಾಗಿ, ಈಗ ಯಾರಾದರೂ ಕೇಳಿದರೆ ಭುಜ ಹಾರಿಸುತ್ತಾಳೆ. ಭಾನುವಾರ ಸಂಜೆ ಅವರು ಎಂದಿನಂತೆ ಹೊರಡುತ್ತಾರೆ. ಕೆಲವು ದಿನ ನಾವು ಅಮೆರಿಕಾಕ್ಕೆ ಹೋಗುವವರು ಎಂಬುದೇ ಮರೆತು ಹೋಗಿರುತ್ತದೆ.

ಹೋದ ಬುಧವಾರ ಮಧ್ಯಾಹ್ನ ವಾರ್ಡಿನಲ್ಲಿದ್ದಾಗ ಅವರ ಫೋನು ಬಂತು. ಕೆಲಸದ ಹೊತ್ತಿನಲ್ಲಿ ಅವರು ಎಂದೂ ಫೋನು ಮಾಡುವವರಲ್ಲ. ಏನೋ ಆಗಿದೆ ಎಂದು ಕಾರಿಡಾರಿಗೆ ಓಡಿದೆ. ಹಿಂದೆ ಯಂತ್ರದ ಗದ್ದಲ ಕೇಳಿಸುತ್ತಿತ್ತು.

"ಶಿಕಾಗೋದಾಗ ದೊಡ್ಡ ಕಟ್ಟಡದಾಗ ಹೀಟರ್, ಬಾಯ್ಲರ್ ನೋಡ್ಕೊಳ್ಳೂ ಕೆಲಸ ಇರ್ತಾವಂತ" ಎಂದರು. "ಕೇಳೀನಿ. ಪಗಾರ ಕಮ್ಮಿ."

"ಇರ್ಲಿ ಬಿಡ್ರಿ" ಎಂದೆ.

ಲೈನು ಕಡಿದುಹೋಯಿತೋ ಏನೋ ಎಂದು ಫೋನು ನೋಡಿಕೊಂಡೆ.

"ಮುಂಜಾನೆ ಹೋಗಿ ಸಂಜೀಕ ಬರೂ ಕೆಲಸ" ಎಂದರು. "ದಿನಾ ಮನಿಗೆ ಬರಬೇಕಾಗತೈತಿ. ನಡೀತೈತೇನು?"

ಊಟದ ಟ್ರಾಲಿ ತಳ್ಳಿಕೊಂಡು ಬರುತ್ತಿದ್ದವರಿಗೆ ದಾರಿ ಬಿಟ್ಟು ಗೋಡೆಗೆ ಒರಗಿ ನಿಂತೆ. ಅವರು ಮತ್ತೊಮ್ಮೆ ಕೇಳಿದರು.

"ನಡೀತೈತ್ರಿ" ಎಂದೆ.