ಪಿರಮಿಡ್ಡಿಗೆ ಒರಗಿ ಕೂತ ರಾಜ

ಮಗಳ ಏಳನೆಯ ಹುಟ್ಟುಹಬ್ಬಕ್ಕೆ ಸಿಂದಗಿಯಲ್ಲಿರುವ ನನ್ನ ತಂಗಿ ಒಂದು ದೊಡ್ಡ ಡಬ್ಬಿ ಕಳಿಸಿದ್ದಳು. ಪ್ರಾಚೀನ ಈಜಿಪ್ಟಿನ ಆಟಿಕೆ ಸೆಟ್ಟು. ಎರಡು ಹೋಳಾಗಿ ತೆರೆದುಕೊಳ್ಳುವ ಪ್ಲಾಸ್ಟಿಕ್ ಪಿರಮಿಡ್ಡು, ನರಿಮುಖದ ದೇವರು, ನಾಲ್ಕು ಜನ ಸೈನಿಕರು, ಎರಡು ಒಂಟೆ, ಎಷ್ಟು ಸಲ ನಿಲ್ಲಿಸಿದರೂ ಬೀಳುವ ಒಂದು ಖರ್ಜೂರದ ಗಿಡ. ಬಂಗಾರದ ಬಣ್ಣದ ಪೆಟ್ಟಿಗೆಯೊಳಗೆ, ಮೈಗೆ ಬಟ್ಟೆ ಸುತ್ತಿದಂತೆ ಗೆರೆ ಕೊರೆದ, ಬೆರಳುದ್ದದ ಸತ್ತ ರಾಜ.

ನಾನು ಮುದ್ದೇಬಿಹಾಳದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವನು. ತಪ್ಪು ಕಂಡರೆ ಬಾಯಿ ಮುಚ್ಚಿಕೊಂಡು ಇರಲಾರೆ. ಒಂಟೆ ಪಿರಮಿಡ್ಡಿಗಿಂತ ಎತ್ತರ ಇದೆಯಲ್ಲ, ಈ ಕತ್ತಿ ಯಾವ ದೇಶದ್ದು ಎಂದು ಶುರುಮಾಡಿದೆ. ಹೆಂಡತಿ ಅಡುಗೆಮನೆಯಿಂದಲೇ, "ಅಕಿ ಆಡ್ಲಿ ಬಿಡ್ರಿ, ಇದೇನ್ ಪರೀಕ್ಷಾ ಅಲ್ಲ" ಅಂದಳು. ಆದರೂ ಮಗಳಿಗೆ ಪಾಠ ಮಾಡದೆ ಬಿಡಲಿಲ್ಲ. ಆ ಕಾಲದವರು ಸತ್ತ ರಾಜನನ್ನು ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿ ಮಲಗಿಸಿ, ಜೊತೆಗೆ ರೊಟ್ಟಿ, ಒಡವೆ ಎಲ್ಲ ಇಡುತ್ತಿದ್ದರು; ಅವನು ಮುಂದೆಲ್ಲೋ ಬದುಕುತ್ತಾನೆಂದು ನಂಬಿದ್ದರು ಎಂದು ವಿವರಿಸಿದೆ. "ಮಲಗಸ್ತಿದ್ರಾ?" ಎಂದು ಅವಳು ಎರಡು ಸಲ ಕೇಳಿದಳು. ಹೂಂ ಅಂದೆ.

ಸತ್ತವರ ಬಗ್ಗೆ ಅಷ್ಟು ಸಲೀಸಾಗಿ ಮಾತಾಡುವ ಯೋಗ್ಯತೆ ಆಗ ನನಗಿರಲಿಲ್ಲ. ಐದು ತಿಂಗಳ ಹಿಂದೆ, ನಮ್ಮ ಜೊತೆಗೇ ಇದ್ದ ನನ್ನ ಅಪ್ಪ, ಅವಳ ಮುತ್ಯಾ, ತೀರಿಕೊಂಡಿದ್ದರು. ಮಗಳು ಸದಾ ಅವರ ಬೆನ್ನಿಗೇ ಅಂಟಿಕೊಂಡಿದ್ದವಳು. ಅವಳಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಅವರು ತೀರಿಕೊಂಡ ದಿನ ಬೆಳಿಗ್ಗೆಯೇ ತಂಗಿಯ ಗಂಡನ ಗಾಡಿಯಲ್ಲಿ ಅವಳನ್ನು ಸಿಂದಗಿಗೆ ಸಾಗಿಸಿಬಿಟ್ಟೆ. ವಾರದ ನಂತರ ಬಂದವಳಿಗೆ, "ಮುತ್ಯಾ ಬಸವನ ಬಾಗೇವಾಡಿಗೆ ಹೋಗ್ಯಾನವ್ವಾ, ಗುಡಿಯಾಗ ಸೇವಾ ಮಾಡ್ಕೊಂತ ಅಲ್ಲೇ ಇರ್ತಾನ" ಅಂದೆ.

ಸುಳ್ಳು ಅಷ್ಟಕ್ಕೇ ಮುಗಿಯಲಿಲ್ಲ. ಶಿಕ್ಷಕರ ತರಬೇತಿಗೆಂದು ನಾನು ಬಾಗೇವಾಡಿಗೆ ಹೊರಟ ದಿನ ಅವಳು ಮುತ್ಯಾಗೆ ಕೊಡು ಎಂದು ಎರಡು ಪೆಪ್ಪರಮಿಂಟು ಕೈಗಿಟ್ಟಳು. ಎಸೆಯಲು ಮನಸ್ಸು ಬರಲಿಲ್ಲ. ಬಸ್ಸಿನಲ್ಲಿ ನಾನೇ ತಿಂದೆ. ಕೆಲವು ವಾರಗಳಾದ ಮೇಲೆ ಅವಳು ಮುತ್ಯಾನ ಸುದ್ದಿ ಕೇಳುವುದನ್ನೇ ನಿಲ್ಲಿಸಿದಳು. ಮಕ್ಕಳು ಬೇಗ ಮರೆಯುತ್ತಾರೆ ಎಂದುಕೊಂಡು ನಿರಾಳವಾದೆ. ಇಷ್ಟು ಬೇಗ ಮರೆತಳಲ್ಲ ಎಂದು ಒಳಗೊಳಗೇ ಸಿಟ್ಟೂ ಬಂದಿತ್ತು.

ಹುಟ್ಟುಹಬ್ಬದ ನಂತರದ ಭಾನುವಾರ ಕಾಯಿಪಲ್ಲೆ ತಂದು ಚೀಲ ಇಳಿಸುವಾಗ ನೋಡಿದೆ. ಪಡಸಾಲೆಯಲ್ಲಿ ಬಂಗಾರದ ಪೆಟ್ಟಿಗೆ ಖಾಲಿ ಬಿದ್ದಿತ್ತು. ರಾಜ ಪಿರಮಿಡ್ಡಿಗೆ ಒರಗಿ ಕೂತಿದ್ದ. ಕಾಲು ಮಡಚಲು ಬಾರದ ಗೊಂಬೆ ಅದು. ಅದಕ್ಕೇ ಸೊಂಟದ ಕೆಳಗೆ ನನ್ನ ಕರ್ಚೀಫು ಸುತ್ತಿ, ಚಕ್ಕಂಬಕ್ಕಳ ಹಾಕಿದಂತೆ ಉಬ್ಬಿಸಿದ್ದಳು. ಬೀಳದ ಹಾಗೆ ಎದೆಗೆ ದಾರ ಕಟ್ಟಿದ್ದಳು. ಹಣೆಯ ಮೇಲೆ ವಿಭೂತಿ.

"ದೇವರ ಮುಂದಿನ ಈಬತ್ತಿ ಆಟಕ್ಕ ತರ್ತಾರೇನ? ಅವರು ಮಲಗಸ್ತಿದ್ರಂತ ನಿನಗ ಎಷ್ಟ್ ಸಲ ಹೇಳ್ಲಿ!" ಎಂದು ರೇಗಿದೆ.

ಅವಳು ತಲೆ ಎತ್ತಲಿಲ್ಲ. "ಮತ್ತ ಮುತ್ಯಾನ್ನ ಕೂಡ್ರಿಸಿದ್ರಲ್ಲ, ಪಪ್ಪಾ?"

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕಾಲು ಮಡಚಿ, ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಹಚ್ಚಿ ಕೂರಿಸುತ್ತೇವೆ. ಕೂತಂತೆಯೇ ಒಯ್ದು, ಕೂತಂತೆಯೇ ಮಣ್ಣು ಮಾಡುತ್ತೇವೆ. ಅಪ್ಪನನ್ನೂ ಹಾಗೇ ಮಾಡಿದ್ದೆವು.

"ಯಾರ್ ಹೇಳಿದ್ರು ನಿನಗ?"

"ಯಾರೂ ಹೇಳಿಲ್ಲ. ಮಾಮಾ ಗಾಡಿ ಹತ್ತಸೂವಾಗ ಕಿಡಕ್ಯಾಗಿಂದ ನೋಡೇನಿ. ಮುತ್ಯಾ ಪೂಜಿ ಮಾಡಾಕ ಕೂತಾನ ಅನ್ಕೊಂಡಿದ್ದೆ. ಆಮ್ಯಾಲ ಬಾಜೂ ಮನಿ ಆಯಿ ಸತ್ತಾಗ ಆಕಿನ್ನೂ ಹಂಗ ಕೂಡ್ರಿಸಿ ಒಯ್ದ್ರಲ್ಲ, ಅವತ್ತ ಗೊತ್ತಾತು."

"ಮತ್ತ ನನಗ್ಯಾಕ ಕೇಳ್ಲಿಲ್ಲವ್ವಾ?"

"ನೀ ಅಳ್ತಿ ಅಂತ."

ಸಾವಿರಾರು ವರ್ಷದ ಹಿಂದಿನ ರಾಜರ ಸಾವನ್ನು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುವ ಮೇಷ್ಟ್ರು ನಾನು. ಮನೆಯಲ್ಲೇ ಆದ ಒಂದು ಸಾವನ್ನು ಹೇಳಲು ನಾಲಿಗೆ ಏಳಲಿಲ್ಲ. ಮಗುವಿಗೆ ನೋವಾಗಬಾರದು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಅದು ಪೂರ್ತಿ ನಿಜವಲ್ಲ. ಅವಳೆದುರು ಆ ಮಾತು ಆಡಿದರೆ ಅಪ್ಪ ಇಲ್ಲ ಎಂದು ನಾನೂ ಒಪ್ಪಬೇಕಿತ್ತು. ಮನೆಯಲ್ಲಿ ಒಬ್ಬರಾದರೂ ಅವರು ಎಲ್ಲೋ ಇದ್ದಾರೆಂದು ನಂಬಿರಲಿ ಎಂಬ ಆಸೆ ನನಗಿತ್ತು. ಏಳು ವರ್ಷದ ಹುಡುಗಿ ಗೊತ್ತಿದ್ದೂ ಸುಮ್ಮನಿದ್ದು ನನ್ನ ಮಾನ ಕಾದಿದ್ದಳು.

"ಮುತ್ಯಾ ತೀರ್ಕೊಂಡಾನವ್ವಾ" ಅಂದೆ. "ಹೂಂ" ಅಂದಳು. ಆಮೇಲೆ, "ಎಲ್ಲಿ ಕೂಡ್ರಿಸೀರಿ?" ಎಂದು ಕೇಳಿದಳು.

ಊಟ ಮುಗಿಸಿ ಅವಳನ್ನು ಬೈಕಿನ ಮೇಲೆ ಕೂರಿಸಿಕೊಂಡು ನಾಲತವಾಡದ ಹತ್ತಿರದ ನಮ್ಮ ಹೊಲಕ್ಕೆ ಹೋದೆ. ತೊಗರಿ ಎದೆಮಟ್ಟ ಬೆಳೆದಿತ್ತು. ಬದುವಿನ ಪಕ್ಕ ಮಣ್ಣಿನ ದಿಬ್ಬ, ಮೇಲೆ ನಾಲ್ಕು ಕಲ್ಲು. ಅವಳು ಅದರ ಸುತ್ತ ಒಂದು ಸಲ ನಡೆದಳು.

"ಮುಖ ಯಾವ ಕಡಿ ಐತಿ?"

ಕೈ ಮಾಡಿ ತೋರಿಸಿದೆ. ಅವಳು ಆ ಕಡೆ ಹೋಗಿ, ಚಪ್ಪಲಿ ಬಿಟ್ಟು, ಕಾಲು ಮಡಚಿ ಎದುರಾಬದುರಾ ಕೂತಳು. ಮನೆಯಲ್ಲಿ ಅವರ ಜೊತೆ ಮಾತಾಡುತ್ತಿದ್ದ ದನಿಯಲ್ಲೇ ಹೇಳಿದಳು: "ಮುತ್ಯಾ, ಪಪ್ಪಾ ಸುಳ್ಳ ಹೇಳ್ಯಾನಂತ ಬೈಬ್ಯಾಡ. ಅಂವಗ ಹೇಳಾಕ ಆಗಲಿಲ್ಲ."

ಬೈಕಿನ ಹತ್ತಿರ ಹೋಗಿ ನಿಲ್ಲೋಣ ಎಂದುಕೊಂಡೆ. ಹೋಗಲಿಲ್ಲ. ಅವಳ ಪಕ್ಕದಲ್ಲೇ ಕಾಲು ಮಡಚಿ ಕೂತೆ. ಮಣ್ಣು ಕೊಟ್ಟ ದಿನವೂ ಬಾರದ ಅಳು ಅಂದು ಬಿಕ್ಕಿ ಬಿಕ್ಕಿ ಬಂತು. ಮಗಳು ನನ್ನ ಬೆನ್ನ ಮೇಲೆ ಕೈಯಿಟ್ಟಳು.

"ಅಳು ಪಪ್ಪಾ," ಅಂದಳು. "ನಾ ಯಾರ್ ಮುಂದೂ ಹೇಳಂಗಿಲ್ಲ."