ಬ್ಯಾಕಪ್ಪಣ್ಣನ ಒಂದೇ ಒಂದು ಕಡತ

ಮಲಗಿದ ಕಂಪ್ಯೂಟರುಗಳನ್ನು ಎಬ್ಬಿಸುವ ಈ ಮನುಷ್ಯನಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಬ್ಯಾಕಪ್ಪಣ್ಣ. ಮೌಸು ಮುಟ್ಟುವುದೆಂದರೆ ಅವನಿಗೆ ಅವಮಾನ. ಕಪ್ಪು ಪರದೆಯ ಮೇಲೆ ಒಂದು ಸಾಲು ಬರೆದು, ಲಿನಕ್ಸು ಎಂಬ ತಂತ್ರಾಂಶ ಕೊಡುವ ಉತ್ತರಕ್ಕೆ ಮಾವನ ಮುಂದೆ ಕೂತ ಹೊಸ ಅಳಿಯನ ಹಾಗೆ ತಲೆಯಾಡಿಸುತ್ತಾನೆ. "ಮೊದಲು ನಕಲು, ಆಮೇಲೆ ಕೈ" ಎನ್ನುವುದು ಅವನ ಮಂತ್ರ; ಬ್ಯಾಕಪ್ಪು, ಅಂದರೆ ಇನ್ನೊಂದು ನಕಲು, ಇಲ್ಲದೆ ಯಾವುದನ್ನೂ ಮುಟ್ಟ. ಅವನಿಗೆ ಕನ್ನಡಕ ಎರಡು, ಛತ್ರಿ ಎರಡು, ಹಲ್ಲುಜ್ಜುವ ಬ್ರಷ್ಷೂ ಎರಡು. "ನನಗೂ ಒಂದು ನಕಲು ಇಟ್ಟಿದ್ದೀರೇನು?" ಎಂದು ಹೆಂಡತಿ ಕುಟುಕಿದರೆ, "ಅಷ್ಟು ಜಾಗ ಎಲ್ಲಿಂದ ತರಲಿ!" ಎನ್ನುತ್ತಾನೆ. ಇಂಥವನು ಒಂದು ದಿನ ತನ್ನದೇ ಕಂಪ್ಯೂಟರಿನ ಡಿಸ್ಕಿನ ಭಾಗವೊಂದನ್ನು ಚಿಕ್ಕದು ಮಾಡಲು ಹೋಗಿ, ಒಳಗಿನ ಸಾಮಾನು ಒತ್ತರಿಸುವ ಮೊದಲೇ ಗೋಡೆ ಒಳಕ್ಕೆ ತಳ್ಳಿದವನ ಹಾಗೆ ಎಡವಟ್ಟು ಮಾಡಿಕೊಂಡ. ಕಂಪ್ಯೂಟರು ಏಳಲೇ ಇಲ್ಲ. ಪೆನ್‌ಡ್ರೈವು ಚುಚ್ಚಿ ಒಳಗಿದ್ದ ಕಡತಗಳನ್ನು ಉಳಿಸಲು ಕೂತವನು ಊಟಕ್ಕೂ ಏಳಲಿಲ್ಲ. "ಎಲ್ಲದಕ್ಕೂ ನಕಲಿದೆಯಲ್ರೀ, ಯಾಕೆ ಹೀಗೆ ಒದ್ದಾಡ್ತೀರಿ?" ಎಂದಳು ಹೆಂಡತಿ. "ಒಂದಕ್ಕೆ ಇಲ್ಲ ಕಣೇ. ನಿನ್ನ ಕಣ್ಣಿಗೆ ಬೀಳುತ್ತೆ ಅಂತ ಆ ಕಡತದ ನಕಲು ತೆಗೀಲಿಲ್ಲ." ಅವಳು ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕೂತಳು. ಡಿಸ್ಕಿನ ಆ ಗೋಡೆಯನ್ನು ಮತ್ತೆ ಇದ್ದಲ್ಲಿಗೇ ಸರಿಸಿ, ಅಂತೂ ಸಂಜೆಯ ಹೊತ್ತಿಗೆ ಅವನು ಆ ಕಡತವನ್ನು ತೆರೆದ. ಗರಗಸ ಎಳೆದಂತೆ ಗೊರಕೆ ಹೊರಟಿತು. "ಯಾರದ್ರೀ ಇದು?" "ನಿಂದೇ. ನೀನು ತವರಿಗೆ ಹೋದಾಗ ಇದಿಲ್ದೆ ನಂಗೆ ನಿದ್ದೆ ಹತ್ತಲ್ಲ." ತಾನು ಗೊರಕೆಯೇ ಹೊಡೆಯುವುದಿಲ್ಲವೆಂದು ಮದುವೆಯಾದಂದಿನಿಂದ ವಾದಿಸುತ್ತ ಬಂದವಳು ಕಿವಿಯವರೆಗೂ ಕೆಂಪಾದಳು. ಕೊನೆಯವರೆಗೂ ಕೇಳಿ, "ಮುಖ ಏನು ನೋಡ್ತೀರಿ? ಮೊದಲು ನಕಲು ತೆಗೀರಿ!" ಎಂದಳು.