ಕೌದಿಯ ಹಿಮಾಲಯ

ಹಿಮಾಲಯವನ್ನು ನಾನು ಕೌದಿಯಲ್ಲಿ ಮಾಡಿ ತೋರಿಸುತ್ತಿದ್ದೆ. ಪ್ರತಿ ವರ್ಷ ಆ ಪಾಠದ ದಿನ ಅವ್ವ ಹಳೆ ಸೀರೆ ಜೋಡಿಸಿ ಹೊಲಿದ ಕೌದಿಯನ್ನು ಚೀಲಕ್ಕೆ ತುರುಕಿಕೊಂಡು, ಮಾನ್ವಿಯಲ್ಲಿ ನಮ್ಮ ಶಾಲೆಯಿರುವ ದೇವದುರ್ಗದ ಬಸ್ಸು ಹತ್ತುತ್ತಿದ್ದೆ. ತರಗತಿಯಲ್ಲಿ ಅದನ್ನು ಮೇಜಿನ ಮೇಲೆ ಹಾಸಿ, ಇಬ್ಬರು ಮಕ್ಕಳಿಗೆ ಎರಡೂ ಕಡೆಯಿಂದ ತಳ್ಳಲು ಹೇಳುತ್ತಿದ್ದೆ. ಕೌದಿ ಮಡಿಕೆ ಮಡಿಕೆಯಾಗಿ ಮೇಲೇಳುತ್ತಿತ್ತು. "ಇದು ನಮ್ಮ ನೆಲ, ಅದು ಅತ್ತಾಗಿನ ನೆಲ. ನಡುವ ಸಮುದ್ರ ಇತ್ತು. ಎರಡೂ ಒಂದಕ್ಕೊಂದು ಒತ್ತಿದ್ವು, ಸಮುದ್ರದ ತಳಾನೇ ಶಿಖರ ಆತು," ಎಂದಾಗ ಮಕ್ಕಳು ಬಾಯಿ ತೆರೆದು ನೋಡುತ್ತಿದ್ದರು. ನಮ್ಮ ಶಾಲೆಯಲ್ಲಿ ಹಿಮಾಲಯ ಅಂದರೆ ನಾನು. ಆ ಹೆಮ್ಮೆ ನನಗಿತ್ತು, ಸುಳ್ಳೇಕೆ ಹೇಳಲಿ?

ಅಷ್ಟರಲ್ಲಿ ನಮ್ಮ ಪಿ.ಟಿ. ಮಾಸ್ತರರು ರಜೆಯಲ್ಲಿ ಎವರೆಸ್ಟಿನ ಬುಡದವರೆಗೆ ನಡೆದು ಬಂದರು. ಹಿಮದ ಬಿಸಿಲಿಗೆ ಮೂಗಿನ ಚರ್ಮ ಸುಲಿದಿತ್ತು. ಮಕ್ಕಳೆಲ್ಲ ಅವರನ್ನೇ ಮುತ್ತಿಕೊಂಡರು, ನನ್ನ ಕಡೆ ಒಂದು ನರಪಿಳ್ಳೆಯೂ ತಿರುಗಲಿಲ್ಲ. ಆ ವರ್ಷ ಕೌದಿ ಹಾಸಿದರೆ ಮುಂದಿನ ಬೆಂಚಿನ ಹುಡುಗಿ, "ಟೀಚರ್, ಸರ್ ಖರೇ ಹಿಮಾಲಯ ನೋಡ್ಯಾರ್ರೀ," ಎಂದಳು. ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. "ಅದರಾಗೇನದ? ನಮ್ಮ ರಾಯಚೂರು ಕೋಟೆ ಗುಡ್ಡದ ಕಲ್ಲಿನ ಮುಂದ ಹಿಮಾಲಯ ನಿನ್ನಿ ಮೊನ್ನಿ ಹುಟ್ಟಿದ ಕೂಸು!" ಎಂದು ಗದರಿದೆ. ಮಾತು ನಿಜವೇ. ಹೇಳಿದ್ದು ಮಾತ್ರ ಉರಿಯಿಂದ.

ಹೆಡ್‌ಮಾಸ್ತರರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಒಂದು ದಿನ ಎವರೆಸ್ಟಿನ ಬಗ್ಗೆ ಹೇಳಲು ಪಿ.ಟಿ. ಮಾಸ್ತರರನ್ನು ನನ್ನ ತರಗತಿಗೇ ಕಳಿಸಿದರು. ಪಿ.ಟಿ. ಮಾಸ್ತರರು ಗೋಡೆಗೆ ದೊಡ್ಡದೊಂದು ಫೋಟೊ ಅಂಟಿಸಿದರು. ಎದುರಿಗಿದ್ದ ಎತ್ತರದ ಬಿಳಿ ಶಿಖರ ಬಿಟ್ಟು, ಅದರ ಹಿಂದೆ ಇಣುಕುತ್ತಿದ್ದ ಕಪ್ಪು ತುದಿಗೆ ಬೆರಳಿಟ್ಟು, "ಇದ ನೋಡ್ರಿ ಎವರೆಸ್ಟ್," ಎಂದರು.

ಸಿಕ್ಕಿಬಿದ್ದರಲ್ಲ! "ಅಲ್ರೀ ಸರ್, ಅಲ್ಲೀತನ ಹೋಗಿ ಯಾವುದು ಎವರೆಸ್ಟ್ ಅಂತ ಕೇಳ್ಲಿಲ್ಲೇನ್ರಿ? ಎತ್ತರ ಇರೂದು ಮುಂದಿಂದು," ಎಂದೆ. ಮಕ್ಕಳು ಘೊಳ್ಳೆಂದು ನಕ್ಕರು. ಮಾಸ್ತರರು ಒಮ್ಮೆ ಫೋಟೊ ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ಮೇಡಂ ಹೇಳೂದ ಖರೆ. ನಾನ ತಪ್ಪು ತಿಳಕೊಂಡಿದ್ದೆ," ಎಂದು ಕುಳಿತುಬಿಟ್ಟರು.

ಸಂಜೆ ಮಾನ್ವಿ ಬಸ್ಸಿನಲ್ಲಿ ಮೊಬೈಲ್ ತೆಗೆದು ಹುಡುಕಿದೆ. ನಾಳೆ ಸ್ಟಾಫ್ ರೂಮಿನಲ್ಲಿ ತೋರಿಸಿ ಇನ್ನಷ್ಟು ಹಂಗಿಸುವ ಆಸೆ. ಅದೇ ಜಾಗ, ಅದೇ ನೋಟ ಸಿಕ್ಕಿತು. ಮುಂದಿನದು ನುಪ್ಟ್ಸೆ ಎಂಬ ಬೇರೆ ಶಿಖರ. ಹತ್ತಿರ ಇರುವುದರಿಂದ ಎತ್ತರ ಕಾಣುತ್ತದೆ, ಅಷ್ಟೆ. ಹಿಂದಿನ ಕಪ್ಪು ತುದಿಯೇ ಎವರೆಸ್ಟ್. ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ, ಮೋಸ ಹೋಗಬೇಡಿ ಎಂದು ವರ್ಷಾ ವರ್ಷಾ ಮಕ್ಕಳಿಗೆ ಕಲಿಸುವವಳು ನಾನೇ! ಮಾಸ್ತರರಿಗೆ ಗೊತ್ತಿತ್ತು, ಗೊತ್ತಿದ್ದೂ ಬಿಟ್ಟುಕೊಟ್ಟಿದ್ದರು. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕೂ ಮೊದಲು ಆ ದೊಡ್ಡತನದ ಮೇಲೆಯೇ ಹೊಟ್ಟೆಕಿಚ್ಚಾಯಿತು. ಎವರೆಸ್ಟ್ ನೋಡಿದ್ದು ಸಾಲದೆಂದು ಇದೂ ಅವರಿಗೇ ಬೇಕಿತ್ತೇ?

ಮರುದಿನ ಫೋಟೊ ಗೋಡೆಯ ಮೇಲೇ ಇತ್ತು. ಹಿಂದಿನ ತುದಿಗೆ ಬೆರಳಿಟ್ಟೆ. "ಇದ ಎವರೆಸ್ಟ್. ಸರ್ ಹೇಳಿದ್ದ ಖರೆ."

ಮುಂದಿನ ಬೆಂಚಿನ ಅದೇ ಹುಡುಗಿ ಎದ್ದು ನಿಂತಳು. "ಹಂಗಾರ ನಿನ್ನಿ ಸರ್ ಯಾಕ ತಪ್ಪು ಅಂತ ಒಪ್ಪಿಕೊಂಡ್ರು ಟೀಚರ್?"

"ನನ್ನ ಮರ್ಯಾದಿ ಉಳಸಾಕ," ಎಂದೆ.